ಹಿಪ್ ಹಾಪ್ ತಿರುಗಾಟ: ವಾರಕ್ಕೊಂದು ದಿನ ಬರುವ ಡ್ಯಾನ್ಸ್ ಟೀಚರ್ ಆಗುವುದು ಹೇಗೆ

ನಮ್ಮ ಕಾಸರಗೋಡಿನ ಕಡೆ ತಿರುಗಾಟ ಅಂದರೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಯಕ್ಷಗಾನ ಮೇಳ ಒಮ್ಮೆ ಹೊರಟಿತು ಅಂದರೆ ಮೇಳದ ತಿರುಗಾಟ ಮುಗಿಯುವ ಪತ್ತನಾಜೆಯ ದಿನದವರೆಗೆ ಇವತ್ತು ಈ ಊರು, ನಾಳೆ ಆ ಊರು. ಗೆಜ್ಜೆ ಬಿಚ್ಚುವುದು ಮೇ ತಿಂಗಳ ಕೊನೆಗೆ. ನಾನು ಮಾಡುವುದೂ ಒಂದು ತಿರುಗಾಟವೇ. ಗೆಜ್ಜೆಯ ಜಾಗದಲ್ಲಿ ಶೂ, ಚೆಂಡೆಯ ಜಾಗದಲ್ಲಿ ಒಂದು ಬ್ಲೂಟೂತ್ ಸ್ಪೀಕರ್. ಬುಧವಾರ ಕುಂಬಳೆ, ಗುರುವಾರ ಬದಿಯಡ್ಕ, ಶುಕ್ರವಾರ ಪೆರ್ಲ, ಶನಿವಾರ ಬೆಳಿಗ್ಗೆ ಉಪ್ಪಳ, ಅದೇ ದಿನ ಮಧ್ಯಾಹ್ನ ತಲಪಾಡಿ ಗಡಿ ದಾಟಿ ಕರ್ನಾಟಕದ ತೊಕ್ಕೊಟ್ಟು. ಹೀಗೆ ಊರೂರು ಸುತ್ತಿ ಹಿಪ್ ಹಾಪ್ ಕಲಿಸಿಯೇ ನನ್ನ ಸಂಸಾರ ನಡೆಯುತ್ತಿದೆ.

ಈಗ ಕಾಲೇಜು ಮುಗಿಸಿದ ಹುಡುಗ ಹುಡುಗಿಯರು ಬಂದು "ಅಕ್ಕಾ, ನಾವೂ ಹೀಗೆ ಮಾಡಬಹುದಾ?" ಅಂತ ಕೇಳುತ್ತಾರೆ. ಮಾಡಬಹುದು. ಆದರೆ ಹೆಚ್ಚಿನವರು ಸ್ಟೆಪ್ಪಿನ ಬಗ್ಗೆ ಯೋಚಿಸುತ್ತಾರೆ, ದಿನಗಳ ಬಗ್ಗೆ ಯೋಚಿಸುವುದಿಲ್ಲ. ನೀವು ಒಂದು ಊರಿಗೆ ವಾರದಲ್ಲಿ ಒಂದು ದಿನ ಹೋಗುತ್ತೀರಿ, ಒಂದು ಗಂಟೆ ಇರುತ್ತೀರಿ. ಉಳಿದ ಆರು ದಿನ ನೀವು ಅಲ್ಲಿ ಇರುವುದಿಲ್ಲ. ಆ ಆರು ದಿನಗಳಲ್ಲಿ ಮಕ್ಕಳು ಕುಣಿದರೆ ನಿಮ್ಮ ಕೆಲಸ ಉಳಿಯುತ್ತದೆ, ಕುಣಿಯದಿದ್ದರೆ ಮೂರನೇ ತಿಂಗಳಿಗೆ ಕ್ಲಾಸು ಖಾಲಿ. ನಾನು ಇಲ್ಲಿ ಬರೆಯುವುದೆಲ್ಲಾ ಸುತ್ತಿ ಬಳಸಿ ಅದೇ ವಿಷಯಕ್ಕೆ ಬರುತ್ತದೆ.

ಮೊದಲು ನೀವು ಕಲಿಯಿರಿ

ಭರತನಾಟ್ಯಕ್ಕೆ ಜೂನಿಯರ್, ಸೀನಿಯರ್, ವಿದ್ವತ್ ಅಂತ ಪರೀಕ್ಷೆ ಇದೆ. ಹಿಪ್ ಹಾಪ್‌ಗೆ ಹಾಗೆ ಇಲ್ಲ. ಅದಕ್ಕೇ ಯಾರು ಬೇಕಾದರೂ ನಾಲ್ಕು ವೀಡಿಯೋ ನೋಡಿ ಬೋರ್ಡ್ ಹಾಕಬಹುದು, ಹಾಕುತ್ತಾರೆ ಕೂಡ. ನೀವು ಹಾಗೆ ಮಾಡಬೇಡಿ. ಕನಿಷ್ಠ ಎರಡು ವರ್ಷ ಒಂದು ಶೈಲಿಯನ್ನು ಗಟ್ಟಿಯಾಗಿ ಹಿಡಿಯಿರಿ. ವೀಡಿಯೋ ನೋಡಿ ಕಲಿಯುವುದು ತಪ್ಪಲ್ಲ, ನಾನೂ ಅರ್ಧ ಕಲಿತದ್ದು ಹಾಗೆಯೇ. ಆದರೆ ತಿಂಗಳಿಗೊಮ್ಮೆ ಮಂಗಳೂರಿಗೋ ಕಣ್ಣೂರಿಗೋ ಹೋಗಿ ಬೇರೆ ಡ್ಯಾನ್ಸರ್‌ಗಳ ಎದುರು ನಿಂತು ಕುಣಿಯಬೇಕು. ಸೈಫರ್ ಅಂದರೆ ವೃತ್ತದಲ್ಲಿ ನಿಂತು ಒಬ್ಬೊಬ್ಬರಾಗಿ ನಡುವೆ ಬಂದು ಕುಣಿಯುವುದು. ಅಲ್ಲಿ ನಿಂತಾಗ ನಮಗೆ ಏನು ಬರುತ್ತದೆ, ಏನು ಬರುವುದಿಲ್ಲ ಅನ್ನುವುದು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಇದರ ಚರಿತ್ರೆಯೂ ಗೊತ್ತಿರಬೇಕು. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಸೆಜ್‌ವಿಕ್ ಅವೆನ್ಯೂದ 1520ನೇ ನಂಬರಿನ ಕಟ್ಟಡದಲ್ಲಿ ಒಂದು ಪಾರ್ಟಿ ನಡೆಯಿತು. ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿಗೆ ಶಾಲೆ ಶುರುವಾಗುವ ಮೊದಲು ಹೊಸ ಬಟ್ಟೆಗೆ ದುಡ್ಡು ಬೇಕಿತ್ತು. ಅದಕ್ಕೆ ಅವಳೇ ಪಾರ್ಟಿ ಇಟ್ಟಳು. ಪ್ರವೇಶಕ್ಕೆ ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50. ಹಾಡು ಹಾಕಿದ್ದು ಅವಳ ಅಣ್ಣ ಕ್ಲೈವ್, ಆಗ ಅವನಿಗೆ 18 ವರ್ಷ, ಜಮೈಕಾದಿಂದ ಬಂದ ಕುಟುಂಬ. ಡಿಜೆ ಕೂಲ್ ಹರ್ಕ್ ಅಂದರೆ ಅವನೇ. ಹಾಡಿನಲ್ಲಿ ಮಾತು ನಿಂತು ಬರೀ ತಾಳ ಉಳಿಯುವ ತುಂಡಿಗೆ ಬ್ರೇಕ್ ಅನ್ನುತ್ತಾರೆ. ಜನ ಜಾಸ್ತಿ ಕುಣಿಯುವುದು ಆ ತುಂಡಿಗೇ ಅಂತ ಅವನು ಗಮನಿಸಿ, ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು ಆ ತುಂಡನ್ನೇ ಮತ್ತೆ ಮತ್ತೆ ಬರುವ ಹಾಗೆ ಮಾಡಿದ. ಬ್ರೇಕಿಗೆ ಕುಣಿಯುವವರು ಬಿ-ಬಾಯ್, ಬಿ-ಗರ್ಲ್ ಆದರು. ಈ ಕಥೆಯನ್ನು ನಾನು ಪ್ರತಿ ಹೊಸ ಬ್ಯಾಚಿಗೂ ಹೇಳುತ್ತೇನೆ. ಜೂನ್ ತಿಂಗಳಲ್ಲಿ ಹೊಸ ಯೂನಿಫಾರ್ಮ್, ಕೊಡೆ, ಬ್ಯಾಗಿಗೆ ಮನೆಯಲ್ಲಿ ಎಷ್ಟು ಕಷ್ಟ ಅಂತ ನಮ್ಮ ಮಕ್ಕಳಿಗೆ ಚೆನ್ನಾಗಿ ಗೊತ್ತು. ಸಿಂಡಿಯ ಕಥೆ ಅವರಿಗೆ ದೂರದ ಕಥೆ ಅನಿಸುವುದೇ ಇಲ್ಲ. ಬಡ ಬಡಾವಣೆಯ ಕಪ್ಪು ಮತ್ತು ಲ್ಯಾಟಿನೋ ಮಕ್ಕಳು ಕೈಯಲ್ಲಿ ಇದ್ದದ್ದರಲ್ಲೇ ಕಟ್ಟಿದ ಕಲೆ ಇದು. ಅದರ ಮೇಲೆ ನಾವು ಸಂಪಾದನೆ ಮಾಡುವಾಗ ಅವರ ಹೆಸರು ಹೇಳುವುದು ನಮ್ಮ ಕರ್ತವ್ಯ.

ಇನ್ನೊಂದು ಮಾತು. ಲಾಕಿಂಗ್, ಪಾಪಿಂಗ್ ಎಂಬ ಕುಣಿತದ ಶೈಲಿಗಳು ಹುಟ್ಟಿದ್ದು ನ್ಯೂಯಾರ್ಕಿನಲ್ಲಿ ಅಲ್ಲ, ಕ್ಯಾಲಿಫೋರ್ನಿಯಾದಲ್ಲಿ. ಲಾಕಿಂಗ್ ಶುರುಮಾಡಿದವರು ಲಾಸ್ ಏಂಜಲಿಸ್‌ನ ಡಾನ್ ಕ್ಯಾಂಪ್‌ಬೆಲ್, ಪಾಪಿಂಗ್ ಬೆಳೆಸಿದವರು ಫ್ರೆಸ್ನೋದ ಬೂಗಲೂ ಸ್ಯಾಮ್. ಎಲ್ಲವನ್ನೂ ಒಟ್ಟು ಸೇರಿಸಿ ಹಿಪ್ ಹಾಪ್ ಅಂತ ಕಲಿಸಿದರೆ ಮಗು ನಾಳೆ ಬೆಂಗಳೂರಿನ ವರ್ಕ್‌ಶಾಪಿಗೆ ಹೋದಾಗ ಪೇಚಿಗೆ ಸಿಲುಕುತ್ತದೆ.

ಊರು ಆರಿಸುವುದು

ಯಾರಾದರೂ ಕ್ಲಾಸ್ ಮಾಡಿ ಅಂತ ಕರೆದರೆ ನಾನು ಮೊದಲು ಫೀಸು ಕೇಳುವುದಿಲ್ಲ. ಕೊನೆಯ ಬಸ್ಸು ಎಷ್ಟು ಗಂಟೆಗೆ ಅಂತ ಕೇಳುತ್ತೇನೆ. ಒಳನಾಡಿನ ಊರುಗಳಲ್ಲಿ ಬಸ್ಸು ಬೇಗ ನಿಲ್ಲುತ್ತದೆ, ಮಳೆಗಾಲದಲ್ಲಿ ಇನ್ನೂ ಬೇಗ. ಸ್ಕೂಟರ್ ಇದ್ದರೂ ಈ ಪ್ರಶ್ನೆ ಕೇಳಿ, ಯಾಕೆಂದರೆ ಸ್ಕೂಟರ್ ಕೈಕೊಡುವ ದಿನ ಬಂದೇ ಬರುತ್ತದೆ. ಕರಾವಳಿಯ ಊರುಗಳಿಗೆ ರೈಲು ಒಳ್ಳೆಯದು. ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು ಎಲ್ಲಾ ಒಂದೇ ಲೈನಿನಲ್ಲಿ ಇವೆ, ತಿಂಗಳ ಸೀಸನ್ ಟಿಕೆಟ್ ಮಾಡಿಸಿದರೆ ಖರ್ಚು ತುಂಬಾ ಕಡಿಮೆ.

ಒಂದೇ ದಿಕ್ಕಿನ ಊರುಗಳನ್ನು ಹತ್ತಿರ ಹತ್ತಿರದ ದಿನಗಳಲ್ಲಿ ಇಡಿ. ಮತ್ತು ಒಮ್ಮೆ ಹೇಳಿದ ದಿನವನ್ನು ಬದಲಿಸಬೇಡಿ. "ಡ್ಯಾನ್ಸ್ ಟೀಚರ್ ಗುರುವಾರ" ಅಂತ ಊರಿಗೆ ಅಭ್ಯಾಸ ಆಗಬೇಕು, ಸಂತೆಯ ದಿನದ ಹಾಗೆ. ಎರಡು ವಾರ ದಿನ ಬದಲಾದರೆ ತಾಯಂದಿರು ಆ ಹೊತ್ತಿಗೆ ಟ್ಯೂಷನ್ ಹಾಕಿಬಿಡುತ್ತಾರೆ. ಆಮೇಲೆ ಆ ಮಗು ವಾಪಸ್ ಬರುವುದು ಕಷ್ಟ.

ಗಡಿಯಲ್ಲಿ ಇರುವ ನಮಗೆ ಒಂದು ಅನುಕೂಲ ಇದೆ, ಹೊರಗಿನವರಿಗೆ ಅದು ಗೊತ್ತಾಗುವುದಿಲ್ಲ. ನಮ್ಮಲ್ಲಿ ಎರಡು ಕ್ಯಾಲೆಂಡರ್. ಕೇರಳದ ಶಾಲೆಗಳಿಗೆ ಹೆಚ್ಚಾಗಿ ಶನಿವಾರ ರಜೆ, ಕರ್ನಾಟಕದಲ್ಲಿ ಶನಿವಾರ ಮಧ್ಯಾಹ್ನದವರೆಗೆ ಶಾಲೆ. ಅದಕ್ಕೇ ನಾನು ಬೆಳಿಗ್ಗೆ ಉಪ್ಪಳ, ಊಟದ ನಂತರ ತೊಕ್ಕೊಟ್ಟು ಇಟ್ಟುಕೊಂಡದ್ದು. ಓಣಂಗೆ ಇಲ್ಲಿ ಹತ್ತು ದಿನ ರಜೆ ಇರುವಾಗ ಆಚೆ ಶಾಲೆ ನಡೆಯುತ್ತಿರುತ್ತದೆ. ದಸರಾಕ್ಕೆ ಆಚೆ ಉದ್ದ ರಜೆ, ಇಲ್ಲಿ ಎರಡು ಮೂರು ದಿನ. ಕ್ರಿಸ್ಮಸ್‌ಗೆ ಮತ್ತೆ ಇಲ್ಲಿ ರಜೆ. ಒಂದು ಕಡೆ ರಜೆ ಬಂದಾಗ ಅಲ್ಲಿ ಐದು ದಿನದ ವರ್ಕ್‌ಶಾಪ್ ಇಟ್ಟುಕೊಳ್ಳಿ, ಇನ್ನೊಂದು ಕಡೆಯ ವಾರದ ಕ್ಲಾಸು ನಿಲ್ಲುವುದಿಲ್ಲ. ಏಪ್ರಿಲ್, ಮೇ ಎರಡೂ ಕಡೆ ರಜೆ. ವರ್ಷದಲ್ಲಿ ಜಾಸ್ತಿ ಸಂಪಾದನೆ ಆಗುವುದು ಆಗಲೇ.

ಊರಿನ ಮಕ್ಕಳ ದಿನಚರಿಯನ್ನೂ ಕೇಳಿ ತಿಳಿದುಕೊಳ್ಳಿ. ಉಪ್ಪಳ, ಕುಂಬಳೆಯಲ್ಲಿ ತುಂಬಾ ಮಕ್ಕಳಿಗೆ ಬೆಳಿಗ್ಗೆ ಮದ್ರಸ ಇರುತ್ತದೆ, ಅದಕ್ಕೆ ನನ್ನ ಶನಿವಾರದ ಕ್ಲಾಸು 10 ಗಂಟೆಯ ಮೇಲೆ. ರಂಜಾನ್ ತಿಂಗಳಲ್ಲಿ ಉಪವಾಸ ಇರುವ ಮಕ್ಕಳನ್ನು ಕುಣಿಸಬಾರದು. ಆ ತಿಂಗಳು ಕೂತು ಹಾಡು ಕೇಳಿ ತಾಳ ಹಿಡಿಯುವ ಪಾಠ ಮಾಡುತ್ತೇನೆ, ಬರುವವರು ಬರಲಿ ಅಂತ. ಫೀಸು ಅರ್ಧ.

ಜಾಗಕ್ಕೆ ದೊಡ್ಡ ಸ್ಟುಡಿಯೋ ಹುಡುಕಬೇಡಿ. ನಮ್ಮ ಕಡೆ ಪ್ರತಿ ಊರಿನಲ್ಲೂ ಒಂದು ಆರ್ಟ್ಸ್ ಆ್ಯಂಡ್ ಸ್ಪೋರ್ಟ್ಸ್ ಕ್ಲಬ್ ಇದೆ, ಒಂದು ಗ್ರಂಥಾಲಯ ಇದೆ. ಅವರ ಹಾಲ್ ಸಂಜೆ ಹೊತ್ತು ಖಾಲಿ ಇರುತ್ತದೆ. ಹೋಗಿ ಕ್ಲಬ್ಬಿನ ಸೆಕ್ರೆಟರಿಯ ಹತ್ತಿರ ಮಾತಾಡಿ, ವಾರ್ಷಿಕೋತ್ಸವಕ್ಕೆ ಒಂದು ಡ್ಯಾನ್ಸ್ ಉಚಿತವಾಗಿ ಮಾಡಿಸಿಕೊಡುತ್ತೇನೆ ಅಂತ ಹೇಳಿ. ಬಾಡಿಗೆ ತಾನಾಗಿಯೇ ಕಡಿಮೆಯಾಗುತ್ತದೆ. ಸುದ್ದಿ ಹರಡಲು ಪೋಸ್ಟರ್‌ಗಿಂತ ಕುಟುಂಬಶ್ರೀ ಎಂಬ ಹೆಂಗಸರ ಸ್ವಸಹಾಯ ಗುಂಪು ದೊಡ್ಡದು. ವಾರಕ್ಕೊಮ್ಮೆ ಸಭೆ ಸೇರುವ ತಾಯಂದಿರ ನಡುವೆ ಐದು ನಿಮಿಷ ಮಾತಾಡಲು ಅವಕಾಶ ಕೇಳಿ. ಪೆರ್ಲದಲ್ಲಿ ನನ್ನ ಮೊದಲ ಹನ್ನೊಂದು ಮಕ್ಕಳು ಬಂದದ್ದು ಅಂಥ ಒಂದು ಸಭೆಯಿಂದ. ಅಲ್ಲಿ ಒಬ್ಬರು ಅಮ್ಮ "ಇದು ಕಲೋತ್ಸವದಲ್ಲಿ ಉಂಟಾ ಟೀಚರ್? ಗ್ರೇಸ್ ಮಾರ್ಕ್ ಸಿಗ್ತದಾ?" ಅಂತ ಕೇಳಿದರು. ಕಲೋತ್ಸವ ಅಂದರೆ ಕೇರಳದ ಶಾಲಾ ಮಕ್ಕಳ ಕಲಾ ಸ್ಪರ್ಧೆ, ಗ್ರೇಸ್ ಮಾರ್ಕ್ ಅಂದರೆ ಅದಕ್ಕಾಗಿ ಪರೀಕ್ಷೆಯಲ್ಲಿ ಕೊಡುವ ಹೆಚ್ಚಿನ ಮಾರ್ಕು. ಮಾರ್ಕಿನ ಆಸೆ ತೋರಿಸಿ ಮಕ್ಕಳನ್ನು ಸೇರಿಸುವುದಿಲ್ಲ ಅಂತ ನಾನು ನೇರವಾಗಿ ಹೇಳಿದೆ. "ಮತ್ತೆ ಯಾಕೆ ಕಲಿಯುವುದು?" ಅಂದರು. ಒಂದು ತಿಂಗಳು ಕಳಿಸಿ ನೋಡಿ, ಮಗು ಮನೆಯಲ್ಲಿ ಕುಣಿಯದಿದ್ದರೆ ದುಡ್ಡು ವಾಪಸ್ ಅಂದೆ. ಆ ಮಾತನ್ನು ಈಗಲೂ ಎಲ್ಲಾ ಊರಿನಲ್ಲೂ ಹೇಳುತ್ತೇನೆ.

ಒಲಿಂಪಿಕ್ಸ್ ಬಗ್ಗೆಯೂ ಕೇಳುತ್ತಾರೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬ್ರೇಕಿಂಗ್, ಅಂದರೆ ಬಿ-ಬಾಯ್, ಬಿ-ಗರ್ಲ್‌ಗಳ ಕುಣಿತ ಇತ್ತು, ಜಪಾನಿನ ಆಮಿ ಮತ್ತು ಕೆನಡಾದ ಫಿಲ್ ವಿಝಾರ್ಡ್ ಚಿನ್ನ ಗೆದ್ದರು. 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಅದು ಇಲ್ಲ. ಎರಡನ್ನೂ ಹೇಳಿ. ಅರ್ಧ ಸತ್ಯ ಹೇಳಿ ಆಸೆ ಹುಟ್ಟಿಸಬೇಡಿ.

ಒಂದು ಗಂಟೆಯ ಕ್ಲಾಸು

ನೆಲ ನೋಡದೆ ಕ್ಲಾಸು ಒಪ್ಪಬೇಡಿ. ನಮ್ಮಲ್ಲಿ ಮರದ ನೆಲ ಸಿಗುವುದಿಲ್ಲ. ಸಿಮೆಂಟ್, ಕಾವಿ, ಇಲ್ಲದಿದ್ದರೆ ಟೈಲ್ಸ್. ಸಿಮೆಂಟ್ ಗಟ್ಟಿ, ಜಾಸ್ತಿ ಹಾರಿದರೆ ಮೊಣಕಾಲು, ಕಣಕಾಲು ಎರಡಕ್ಕೂ ಪೆಟ್ಟು. ಟೈಲ್ಸ್ ಮಳೆಗಾಲದಲ್ಲಿ ಬೆವರಿದ ಹಾಗೆ ಒದ್ದೆಯಾಗುತ್ತದೆ. ನನ್ನ ಮೊದಲ ವರ್ಷ ಜುಲೈ ತಿಂಗಳಲ್ಲಿ ಒಂದು ಹಾಲಿನಲ್ಲಿ, ನೆಲ ಒರೆಸದೆ ಕ್ಲಾಸು ಶುರುಮಾಡಿ ಒಬ್ಬ ಹುಡುಗ ಜಾರಿ ಬಿದ್ದು ಮಣಿಗಂಟು ಉಳುಕಿತು. ತಪ್ಪು ನನ್ನದೇ. ಅವನ ಮನೆಗೆ ಹೋಗಿ ಅವನ ಅಪ್ಪನ ಎದುರು ಹಾಗೇ ಹೇಳಿದೆ, ಆಸ್ಪತ್ರೆಯ ಖರ್ಚು ಕೊಟ್ಟೆ. ಅಂದಿನಿಂದ ಬ್ಯಾಗಿನಲ್ಲಿ ಒಣ ಬಟ್ಟೆ, ಕ್ರೇಪ್ ಬ್ಯಾಂಡೇಜ್ ಯಾವಾಗಲೂ ಇರುತ್ತದೆ, ಐಸ್ ಎಲ್ಲಿ ಸಿಗುತ್ತದೆ ಅಂತ ಪ್ರತಿ ಊರಿನಲ್ಲೂ ನೋಡಿಟ್ಟುಕೊಂಡಿದ್ದೇನೆ. ತಲೆಯ ಮೇಲೆ, ಬೆನ್ನಿನ ಮೇಲೆ ತಿರುಗುವ ಹೆಡ್‌ಸ್ಪಿನ್, ವಿಂಡ್‌ಮಿಲ್‌ನಂಥ ಪವರ್ ಮೂವ್‌ಗಳನ್ನು ಸಿಮೆಂಟ್ ನೆಲದಲ್ಲಿ ನಾನು ಕಲಿಸುವುದೇ ಇಲ್ಲ, ಮಕ್ಕಳು ಎಷ್ಟು ಕಾಡಿದರೂ.

ಹತ್ತು ನಿಮಿಷ ಮೈ ಬಿಸಿ ಮಾಡಿ. ಆಮೇಲೆ ಹದಿನೈದು ನಿಮಿಷ ಗ್ರೂವ್ (ತಾಳಕ್ಕೆ ಮೈ ತೂಗುವುದು), ಇನ್ನು ಹದಿನೈದು ನಿಮಿಷ ಒಂದೇ ಒಂದು ಹೊಸ ಸ್ಟೆಪ್, ಮತ್ತೆ ಹತ್ತು ನಿಮಿಷ ಅದನ್ನು ಹಳೆಯದರ ಜೊತೆ ಜೋಡಿಸುವುದು, ಕೊನೆಯ ಹತ್ತು ನಿಮಿಷ ಸೈಫರ್. ಹಾಡು ನಿಮಿಷಕ್ಕೆ 90ರಿಂದ 100 ಬೀಟ್ ಇರುವಂಥದ್ದು ಸಾಕು. ಬೈಗುಳ ಇಲ್ಲದ ಹಾಡು, ಇಲ್ಲದಿದ್ದರೆ ಬರೀ ವಾದ್ಯ. ಹಾಡುಗಳನ್ನು ಫೋನಿಗೆ ಇಳಿಸಿಟ್ಟುಕೊಳ್ಳಿ, ಎಷ್ಟೋ ಹಾಲುಗಳಲ್ಲಿ ನೆಟ್‌ವರ್ಕ್ ಇರುವುದಿಲ್ಲ. ಕ್ಲಾಸಿನ ಹೊತ್ತಿಗೆ ಫೋನ್ ಏರೋಪ್ಲೇನ್ ಮೋಡಿನಲ್ಲಿ ಇರಲಿ, ನಡುವೆ ಯಾರಾದರೂ ಫೋನ್ ಮಾಡಿದರೆ ಹಾಡು ನಿಂತು ಎಲ್ಲರ ತಾಳ ತಪ್ಪುತ್ತದೆ.

ಗ್ರೂವ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಓಡಿ ದಾಟುವ ಜಾಗ ಇದು. ಹಿಪ್ ಹಾಪ್‌ನ ಜೀವ ಬೌನ್ಸ್‌ನಲ್ಲಿದೆ. ಬೀಟ್ ಬಿದ್ದಾಗ ಮೊಣಕಾಲು ಸಡಿಲಾಗಿ ಮೈ ಕೆಳಗೆ ಇಳಿಯಬೇಕು, ಭೂಮಿಯ ಕಡೆಗೆ. ಇದನ್ನು ಬಾಯಲ್ಲಿ ಹೇಳಿದರೆ ಮಕ್ಕಳಿಗೆ ಅರ್ಥ ಆಗುವುದಿಲ್ಲ. ನಾನು ಕೇಳುತ್ತೇನೆ, ಬದಿಯಡ್ಕದ ಬಸ್ಸಿನಲ್ಲಿ ಸೀಟು ಸಿಗದೆ, ಕಂಬಿ ಹಿಡಿಯದೆ ನಿಂತದ್ದುಂಟಾ ಅಂತ. ಎಲ್ಲರೂ ನಿಂತವರೇ. ಹಾಗಾದರೆ ಬಸ್ಸು ಹೊಂಡಕ್ಕೆ ಇಳಿಯುವಾಗ ನಿಮ್ಮ ಮೊಣಕಾಲು ಏನು ಮಾಡುತ್ತದೆ ತೋರಿಸಿ ಅನ್ನುತ್ತೇನೆ. ಇಡೀ ಕ್ಲಾಸು ಬಸ್ಸಿನಲ್ಲಿ ನಿಂತ ಹಾಗೆ ನಿಂತು ತೂಗಲು ಶುರುಮಾಡುತ್ತದೆ. ಅಲ್ಲಿಗೆ ಬೌನ್ಸ್ ಬಂತು. ಉಳಿದದ್ದು ತಾಳಕ್ಕೆ ಕೂರಿಸುವುದು ಮಾತ್ರ.

ಯಕ್ಷಗಾನ ಕಲಿತ ಮಕ್ಕಳು ನಿಮ್ಮ ಕ್ಲಾಸಿಗೆ ಬಂದೇ ಬರುತ್ತಾರೆ. ಯಕ್ಷಗಾನ ಕವಿ ಪಾರ್ತಿ ಸುಬ್ಬನ ಊರಲ್ಲವಾ ಕುಂಬಳೆ! ಅವರ ತೊಡೆಯಲ್ಲಿ ಬಲ ಇದೆ, ಮಂಡಿ ಹಾಕಿ ಎದ್ದು ಅಭ್ಯಾಸ ಇದೆ, ಧೀಂಗಿಣ ಹೊಡೆಯುವ ಮಗುವಿಗೆ ತಲೆ ಸುತ್ತದೆ ತಿರುಗುವುದು ಹೇಗೆ ಅಂತ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಆದರೆ ಎದೆ ಮುಂದೆ ಮಾಡಿ ಬೆನ್ನು ನೆಟ್ಟಗೆ ಹಿಡಿಯುವುದು ಅವರ ಮೈಗೆ ಒಗ್ಗಿಹೋಗಿದೆ. ಅದನ್ನು ಬಿಡಿ ಅಂತ ಹೇಳಬೇಡಿ. ಇದು ಬೇರೆ, ಅದು ಬೇರೆ, ಎರಡೂ ಇರಲಿ ಅಂತ ಹೇಳಿ. ದಫ್‌ಮುಟ್ಟು, ಕೋಲ್‌ಕಳಿಯಂಥ ಗುಂಪು ಕುಣಿತ ಮಾಡುವ ಮಕ್ಕಳಿಗೆ ಒಟ್ಟಿಗೆ ಹೆಜ್ಜೆ ಹಾಕುವುದು ಚೆನ್ನಾಗಿ ಬರುತ್ತದೆ, ಒಬ್ಬರೇ ನಡುವೆ ಬಂದು ಕುಣಿಯಿರಿ ಅಂದರೆ ನಾಚಿಕೆ. ಅವರನ್ನು ಮೊದಲು ಇಬ್ಬಿಬ್ಬರಾಗಿ ಸೈಫರಿಗೆ ಕಳಿಸಿ.

ಭಾಷೆಯ ವಿಷಯ. ಒಂದೇ ಕ್ಲಾಸಿನಲ್ಲಿ ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಕನ್ನಡ ಎಲ್ಲಾ ಇರುತ್ತದೆ, ಉಪ್ಪಳದಲ್ಲಿ ಉರ್ದು ಕೂಡ. ಎಂಟರ ಲೆಕ್ಕವನ್ನು ಒಂದು ವಾರ ಒಂದು ಭಾಷೆಯಲ್ಲಿ ಹೇಳಿಸುತ್ತೇನೆ. ಒಂದು ವಾರ ಒಂಜಿ, ರಡ್ಡ್, ಮೂಜಿ. ಇನ್ನೊಂದು ವಾರ ಒನ್ನ್, ರಂಡ್, ಮೂನ್ನ್. ಆ ಭಾಷೆಯ ಮಗುವೇ ಆ ದಿನ ಲೆಕ್ಕ ಹೇಳುವುದು. ಯಾವತ್ತೂ ಬಾಯಿ ಬಿಡದ ಮಗು ಅವತ್ತು ಗಟ್ಟಿಯಾಗಿ ಕೂಗುತ್ತದೆ. ನೋಡಬೇಕು ಅದನ್ನು.

ನೀವಿಲ್ಲದ ಆರು ದಿನ

ಕ್ಲಾಸು ಮುಗಿಯುವಾಗ "ಪ್ರಾಕ್ಟೀಸ್ ಮಾಡಿ" ಅಂತ ಸುಮ್ನೆ ಹೇಳಿದರೆ ಯಾರೂ ಮಾಡುವುದಿಲ್ಲ. ಒಂದೇ ಒಂದು ಕೆಲಸ ಕೊಡಿ, ದಿನಕ್ಕೆ ಮೂರು ನಿಮಿಷದ್ದು. ಈ ವಾರ ಬರೀ ಬೌನ್ಸ್. ಹಲ್ಲುಜ್ಜುವಾಗ ಮಾಡಿ, ಬಸ್ಸಿಗೆ ಕಾಯುವಾಗ ಮಾಡಿ. ಹೆತ್ತವರ ವಾಟ್ಸಾಪ್ ಗ್ರೂಪಿಗೆ ನನ್ನ ದನಿಯಲ್ಲೇ ಒಂದರಿಂದ ಎಂಟರ ಲೆಕ್ಕ ರೆಕಾರ್ಡ್ ಮಾಡಿ ಹಾಕುತ್ತೇನೆ. ವೀಡಿಯೋ ಹಾಕಿದರೆ ಮಕ್ಕಳು ಫೋನ್ ಹಿಡಿದು ಕೂತುಬಿಡುತ್ತಾರೆ. ದನಿ ಮಾತ್ರ ಇದ್ದರೆ ಎದ್ದು ಕುಣಿಯಲೇಬೇಕು.

ಎರಡನೆಯದು, ಮನೆಯಲ್ಲಿ ಒಬ್ಬರಿಗೆ ಕಲಿಸಿ ಬರಬೇಕು. ಇದು ನನ್ನ ಕ್ಲಾಸಿನ ನಿಯಮ. ಕಲಿಸಿದರೇ ನಿಜವಾಗಿ ಬರುವುದು. ಕುಂಬಳೆಯ ಒಬ್ಬ ಹುಡುಗಿ ಅವಳ ಅಜ್ಜಿಗೆ ಕಲಿಸಿದ್ದಳು. ಅಜ್ಜಿ ಅಡುಗೆಮನೆಯ ಬಾಗಿಲು ಹಿಡಿದುಕೊಂಡು ಮೊಣಕಾಲು ಬಗ್ಗಿಸಿ ತೂಗಿದ್ದನ್ನು ಅವಳ ಅಮ್ಮ ನನಗೆ ಕಳಿಸಿದರು. ಆ ಮನೆಯ ಮಗು ನಾಲ್ಕು ವರ್ಷವಾದರೂ ಕ್ಲಾಸು ಬಿಟ್ಟಿಲ್ಲ.

ಮೂರನೆಯದು ಲೀಡರ್. ಪ್ರತಿ ಊರಿನಲ್ಲೂ ದೊಡ್ಡ ಮಕ್ಕಳಲ್ಲಿ ಒಬ್ಬರನ್ನು ನೋಡಿಟ್ಟುಕೊಳ್ಳಿ. ಚೆನ್ನಾಗಿ ಕುಣಿಯುವವರನ್ನು ಅಲ್ಲ, ಚಿಕ್ಕವರ ಜೊತೆ ತಾಳ್ಮೆ ಇರುವವರನ್ನು. ವಾರದ ನಡುವೆ ಒಂದು ದಿನ, ಅರ್ಧ ಗಂಟೆ, ಹಾಲಿನಲ್ಲೋ ಯಾರದ್ದಾದರೂ ಮನೆಯ ಟೆರೇಸಿನಲ್ಲೋ ಅವರು ಮಕ್ಕಳನ್ನು ಸೇರಿಸಲಿ, ಹತ್ತಿರ ಒಬ್ಬರು ದೊಡ್ಡವರು ಇರಲಿ. ಹದಿನೆಂಟು ದಾಟಿದ ಇಬ್ಬರಿಗೆ ನಾನು ತಿಂಗಳಿಗೆ ಇಷ್ಟು ಅಂತ ದುಡ್ಡು ಕೊಡುತ್ತೇನೆ. ಚಿಕ್ಕವರಾದರೆ ಫೀಸು ತೆಗೆದುಕೊಳ್ಳುವುದಿಲ್ಲ. ಪುಕ್ಕಟೆ ದುಡಿಸಬೇಡಿ.

ಕಳೆದ ಮಳೆಗಾಲ ಒಂದು ಗುರುವಾರ ರಸ್ತೆಗೆ ಮರ ಬಿದ್ದು ನನ್ನ ಬಸ್ಸು ನಿಂತಿತು. ನಲವತ್ತು ನಿಮಿಷ ತಡ. ಬದಿಯಡ್ಕದ ಹಾಲಿಗೆ ನೆನೆದುಕೊಂಡು ಓಡಿ ಬಂದರೆ ಒಳಗಿಂದ ಲೆಕ್ಕ ಕೇಳುತ್ತಿದೆ. ಸ್ಪೀಕರ್ ನನ್ನ ಬ್ಯಾಗಿನಲ್ಲೇ ಇತ್ತಲ್ಲಾ, ಅವರು ಪ್ಲಾಸ್ಟಿಕ್ ಕುರ್ಚಿಯ ಬೆನ್ನಿಗೆ ತಟ್ಟಿ ತಾಳ ಹಾಕಿಕೊಂಡು ಮೈ ಬಿಸಿ ಮಾಡಿ ಗ್ರೂವ್‌ವರೆಗೆ ಬಂದಿದ್ದರು. ನಾನು ಬಾಗಿಲಲ್ಲೇ ನಿಂತೆ. ಸ್ವಲ್ಪ ಹೊತ್ತು ಒಳಗೆ ಹೋಗಲು ಮನಸ್ಸೇ ಬರಲಿಲ್ಲ.

ದುಡ್ಡಿನ ಲೆಕ್ಕ

ನನ್ನದನ್ನೇ ಹೇಳುತ್ತೇನೆ. ತಿಂಗಳಿಗೆ ನಾಲ್ಕು ಕ್ಲಾಸು, ಒಂದು ಮಗುವಿಗೆ 600 ರೂಪಾಯಿ. ಐದು ಊರಿನಲ್ಲಿ ಸೇರಿ ಸರಿಯಾದ ತಿಂಗಳಲ್ಲಿ 70 ಮಕ್ಕಳು, ಅಂದರೆ 42,000. ಹಾಲಿನ ಬಾಡಿಗೆ 3,000, ಪೆಟ್ರೋಲು ಮತ್ತು ಟಿಕೆಟ್ 4,500, ಲೀಡರ್‌ಗಳಿಗೆ 3,000, ಶೂ, ಸ್ಪೀಕರ್, ಫೋನ್ ಅಂತ 1,500. ಕೈಯಲ್ಲಿ ಉಳಿಯುವುದು 30,000. ಜೂನ್, ಜುಲೈಯಲ್ಲಿ ಮಕ್ಕಳು ಅರ್ಧಕ್ಕೆ ಇಳಿಯುತ್ತಾರೆ. ಕಲೆಕ್ಟರ್ ಮಳೆಗೆ ರಜೆ ಕೊಟ್ಟ ದಿನ ನಮ್ಮ ಕ್ಲಾಸಿಗೂ ರಜೆ. ಅದಕ್ಕೇ ಬೇಸಿಗೆಯ ವರ್ಕ್‌ಶಾಪಿನ ದುಡ್ಡನ್ನು ಮುಟ್ಟದೆ ಮಳೆಗಾಲಕ್ಕೆ ಇಡಬೇಕು. ಶುರುವಿನಲ್ಲೇ ಇರುವ ಕೆಲಸ ಬಿಟ್ಟು ಇದಕ್ಕೆ ಇಳಿಯಬೇಡಿ. ಎರಡು ಊರಿನಿಂದ ಶುರುಮಾಡಿ, ಒಂದು ಮಳೆಗಾಲ ದಾಟಿ ನೋಡಿ.

ಶಾಲೆಯ ವಾರ್ಷಿಕೋತ್ಸವದ ಕೆಲಸ ಡಿಸೆಂಬರ್, ಜನವರಿಯಲ್ಲಿ ಬರುತ್ತದೆ. ಒಮ್ಮೆ ಒಂದು ಶಾಲೆಯಲ್ಲಿ ಮೂರು ವಾರ ನಲವತ್ತು ಮಕ್ಕಳಿಗೆ ಕಲಿಸಿದೆ. ಎಲ್ಲಾ ಬಾಯಿಮಾತು. ಕಾರ್ಯಕ್ರಮ ಚೆನ್ನಾಗಿ ಆಯಿತು, ಎಲ್ಲರೂ ಹೊಗಳಿದರು, ದುಡ್ಡು ಮಾತ್ರ ಬರಲಿಲ್ಲ. ಆರು ಸಲ ಹೋದೆ. ಈಗ ಅರ್ಧ ಮುಂಗಡ, ಉಳಿದದ್ದು ಕಾರ್ಯಕ್ರಮದ ಹಿಂದಿನ ದಿನ, ಎಷ್ಟು ದಿನ, ಎಷ್ಟು ಮಕ್ಕಳು, ಎಷ್ಟು ಹಾಡು ಅಂತ ಒಂದು ಹಾಳೆಯಲ್ಲಿ ಬರೆದು ಇಬ್ಬರ ಸಹಿ. ಕೇಳಲು ಸಂಕೋಚ ಬೇಡ. ಅಡುಗೆಯವರು ಮುಂಗಡ ಕೇಳುತ್ತಾರೆ, ಪೆಂಡಾಲಿನವರು ಕೇಳುತ್ತಾರೆ, ನಾವೂ ಕೇಳಬೇಕು.

ಕೆಲವು ಸಂಸ್ಥೆಗಳು 10% ಟಿಡಿಎಸ್ (ಮೊದಲೇ ಕಳೆಯುವ ತೆರಿಗೆ) ಹಿಡಿದು ಕೊಡುತ್ತವೆ. ಪ್ಯಾನ್ ನಂಬರ್ ಕೊಡಿ, ಕೊಡದಿದ್ದರೆ 20% ಹಿಡಿಯುತ್ತಾರೆ. ವರ್ಷಕ್ಕೊಮ್ಮೆ ರಿಟರ್ನ್ ಹಾಕಿ, ತೆರಿಗೆ ಕಟ್ಟುವಷ್ಟು ಆದಾಯ ಇಲ್ಲದಿದ್ದರೆ ಹಿಡಿದದ್ದು ವಾಪಸ್ ಬರುತ್ತದೆ. ರಿಟರ್ನ್ ಹಾಕಿದ ಕಾಗದ ನಾಳೆ ಸ್ಕೂಟರ್ ಸಾಲಕ್ಕೂ ಬೇಕಾಗುತ್ತದೆ. ಜಿಎಸ್‌ಟಿಯ ಚಿಂತೆ ವರ್ಷಕ್ಕೆ 20 ಲಕ್ಷ ದಾಟುವವರೆಗೆ ಬೇಡ.

ಮದುವೆ, ಮೆಹಂದಿಯ ಡ್ಯಾನ್ಸ್ ಕಲಿಸಲು ಕರೆಯುತ್ತಾರೆ. ನಾಲ್ಕು ದಿನಕ್ಕೆ ಒಂದು ಊರಿನ ತಿಂಗಳ ಫೀಸಿನಷ್ಟು ಸಿಗುತ್ತದೆ. ಮಾಡಿ, ಮನಸ್ಸಿಟ್ಟು ಮಾಡಿ. ಆದರೆ ವಾರದ ಕ್ಲಾಸು ತಪ್ಪಿಸಿ ಮಾಡಬೇಡಿ. ಮದುವೆ ಮನೆಯವರು ನಾಳೆ ನಿಮ್ಮನ್ನು ಮರೆಯುತ್ತಾರೆ, ಗುರುವಾರ ಕಾದು ಕೂತ ಮಗು ಮರೆಯುವುದಿಲ್ಲ.

ಮಕ್ಕಳ ರಕ್ಷಣೆ

ಇದರಲ್ಲಿ ಸಡಿಲ ಬಿಡಬಾರದು. ಬಾಗಿಲು ತೆರೆದೇ ಇರಬೇಕು. ಕ್ಲಾಸಿನ ಹೊತ್ತು ಒಬ್ಬರು ತಾಯಿಯೋ ತಂದೆಯೋ ಹಾಲಿನಲ್ಲಿ ಕೂರಲಿ, ವಾರಕ್ಕೊಬ್ಬರಂತೆ. ಮಗುವಿನ ಕೈ, ಭುಜ ಸರಿ ಮಾಡಬೇಕಾದರೆ ಮೊದಲು ಕೇಳಿ. ನಿಮ್ಮ ಮೈಯಲ್ಲೇ ತೋರಿಸಿದರೆ ಹೆಚ್ಚಿನ ಸಲ ಸಾಕಾಗುತ್ತದೆ. ಮಕ್ಕಳಿಗೆ ಬೇರೆಯಾಗಿ ಮೆಸೇಜ್ ಕಳಿಸಬೇಡಿ, ಎಲ್ಲಾ ಹೆತ್ತವರ ಗ್ರೂಪಿನಲ್ಲೇ ಇರಲಿ. ಹೆತ್ತವರು ಒಪ್ಪದೆ ಮಗುವಿನ ಮುಖ ಇರುವ ರೀಲ್ಸ್ ಹಾಕಬೇಡಿ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಗುವಿನ ಮೇಲೆ ದೌರ್ಜನ್ಯ ಆಗಿದೆ ಅಂತ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ಸುಮ್ಮನಿದ್ದರೆ ಅದೇ ಅಪರಾಧ. 1098 ಮಕ್ಕಳ ಸಹಾಯವಾಣಿ, ನಂಬರನ್ನು ಕ್ಲಾಸಿನ ಗೋಡೆಯಲ್ಲಿ ಬರೆದಿಡಿ. ಹೊಸ ಊರಿಗೆ ಹೋಗುವ ಮೊದಲು ನಿಮ್ಮ ಮೇಲೆ ಕೇಸು ಇಲ್ಲ ಎಂಬ ಪೊಲೀಸ್ ಸರ್ಟಿಫಿಕೇಟ್ ತೆಗೆದುಕೊಂಡು ಹೋಗಿ ತೋರಿಸಿ. ಯಾರೂ ಕೇಳದಿದ್ದರೂ ತೋರಿಸಿ.

ಹುಡುಗಿಯರು ಹನ್ನೆರಡು ಹದಿಮೂರಕ್ಕೆ ಕ್ಲಾಸು ಬಿಡುವುದು ನನಗೆ ತುಂಬಾ ನೋವು ಕೊಡುವ ವಿಷಯ. ಮನೆಯವರ ಹತ್ತಿರ ಜಗಳ ಮಾಡಿ ಏನೂ ಆಗುವುದಿಲ್ಲ. ಹೋಗಿ ಕೂತು ಚಹಾ ಕುಡಿದು ಏನು ತೊಂದರೆ ಅಂತ ಕೇಳಿ. ಕೆಲವರಿಗೆ ಬಟ್ಟೆ ವಿಷಯ. ಸಡಿಲ ಪ್ಯಾಂಟು, ಉದ್ದ ತೋಳಿನ ಅಂಗಿ, ತಲೆಗೆ ಶಾಲು, ಇವು ಯಾವುದೂ ಹಿಪ್ ಹಾಪ್‌ಗೆ ಅಡ್ಡಿಯಿಲ್ಲ. ಕೆಲವರಿಗೆ ಕತ್ತಲಾಗುವ ಭಯ. ಕ್ಲಾಸನ್ನು ಬೇಗ ಶುರುಮಾಡಿ. ಉಪ್ಪಳದಲ್ಲಿ ಹುಡುಗಿಯರದ್ದೇ ಬ್ಯಾಚ್ ಮಾಡಿದ ಮೇಲೆ ಬಿಟ್ಟುಹೋಗಿದ್ದ ಐದು ಜನರಲ್ಲಿ ನಾಲ್ವರು ವಾಪಸ್ ಬಂದರು. ಐದನೆಯವಳ ಮನೆಗೆ ಈಗಲೂ ಹೋಗುತ್ತಾ ಇದ್ದೇನೆ.

ದೂರದ ಊರಿಗೆ

ಮೂರು ನಾಲ್ಕು ವರ್ಷ ಆದ ಮೇಲೆ ಬೇರೆ ಜಿಲ್ಲೆಗಳಿಂದ ವರ್ಕ್‌ಶಾಪಿಗೆ, ಮಂಗಳೂರಿನ ಕಾಲೇಜು ಫೆಸ್ಟ್‌ಗಳಿಂದ ಜಡ್ಜ್ ಆಗಲು ಕರೆ ಬರುತ್ತದೆ. ಪ್ರಯಾಣ, ಉಳಿಯುವ ಜಾಗ, ಫೀಸು ಮೂರನ್ನೂ ಬೇರೆ ಬೇರೆ ಬರೆದು ಕಳಿಸಿ. ಮಕ್ಕಳ ವಯಸ್ಸು, ಸಂಖ್ಯೆ, ನೆಲ ಎಂಥದ್ದು, ಸ್ಪೀಕರ್ ಯಾರದ್ದು, ಇಷ್ಟನ್ನು ಮೊದಲೇ ಕೇಳಿ. ಹೆಣ್ಣುಮಕ್ಕಳು ಒಬ್ಬರೇ ಹೋಗುವುದಾದರೆ ರಾತ್ರಿ ತಲುಪುವ ರೈಲು ಬೇಡ ಅಂತ ಖಂಡಿತವಾಗಿ ಹೇಳಿ, ಉಳಿಯುವ ಜಾಗದ ವಿಳಾಸ ಮನೆಯವರಿಗೆ ಕೊಟ್ಟು ಹೊರಡಿ. ನಿಮ್ಮ ಮೈಯನ್ನೂ ನೋಡಿಕೊಳ್ಳಿ. ದಿನಕ್ಕೆ ಎರಡು ಕ್ಲಾಸು ಇರುವಾಗ ಎರಡರಲ್ಲೂ ಪೂರ್ತಿ ಹಾರಬೇಡಿ, ತೋರಿಸುವುದು ಒಮ್ಮೆ, ಆಮೇಲೆ ಲೆಕ್ಕ ಹೇಳಿ. ಗಂಟಲಿಗೆ ಕಾಲರ್ ಮೈಕ್ ದೊಡ್ಡ ಉಪಕಾರ. ಕುಚ್ಚಲಕ್ಕಿ ಊಟ ಮಾಡಿ ಕೂಡಲೇ ಕ್ಲಾಸಿಗೆ ಇಳಿದರೆ ಮೈ ಏಳುವುದಿಲ್ಲ, ಮಧ್ಯಾಹ್ನ ಗಂಜಿ ಸಾಕು.

ಒಂದು ಊರನ್ನು ಬಿಟ್ಟುಕೊಡುವುದೂ ಈ ಕೆಲಸದ ಭಾಗ. ಪೆರ್ಲದ ಲೀಡರ್ ಹುಡುಗಿಗೆ ಈಗ ಇಪ್ಪತ್ತೆರಡು ವರ್ಷ. ಕಳೆದ ವರ್ಷ ನನಗೆ ಜ್ವರ ಬಂದಾಗ ಮೂರು ವಾರ ಅವಳೇ ನಡೆಸಿದಳು, ಒಂದು ಮಗುವೂ ಕಡಿಮೆಯಾಗಲಿಲ್ಲ. ಬರುವ ಜೂನ್‌ನಿಂದ ಶುಕ್ರವಾರ ಅವಳದ್ದು, ಫೀಸೂ ಅವಳದ್ದೇ, ನಾನು ತಿಂಗಳಿಗೊಮ್ಮೆ ಹೋಗಿ ಸೈಫರಿನಲ್ಲಿ ನಿಲ್ಲುತ್ತೇನೆ. ನನಗೆ ಒಂದು ದಿನ ಖಾಲಿ ಆಯಿತು. ಮೊನ್ನೆ ಮುಳ್ಳೇರಿಯಾದ ಒಂದು ಕ್ಲಬ್ಬಿನಿಂದ ಫೋನ್ ಬಂದಿತ್ತು, ಹದಿನಾಲ್ಕು ಮಕ್ಕಳು ಇದ್ದಾರಂತೆ, ಹಾಲಿನ ನೆಲ ಕಾವಿಯದ್ದು. ಸಂಜೆ ಕೊನೆಯ ಬಸ್ಸು ಎಷ್ಟು ಗಂಟೆಗೆ ಅಂತ ಕೇಳಿದ್ದೇನೆ, ವಿಚಾರಿಸಿ ಹೇಳುತ್ತಾರೆ.